ಮದ್ದಿನ ಪುಸ್ತಕ ಮುಚ್ಚಿದ್ದ ಮೂವತ್ತು ವರ್ಷ

2016ರ ಮಾರ್ಚ್ ತಿಂಗಳ ಮಧ್ಯಭಾಗ. ಬೆಳಗಾವಿಯ ಖಾಸಬಾಗದಲ್ಲಿ ಸಂಜೆ ಪವರ್‌ಲೂಮುಗಳ ಸದ್ದು ಇನ್ನೂ ನಿಂತಿರಲಿಲ್ಲ. ನಮ್ಮ ಓಣಿಯ ಮೆಡಿಕಲ್ ಅಂಗಡಿಯವನು ಕಪಾಟಿನ ಒಂದು ಸಾಲನ್ನು ಪೂರ್ತಿ ಇಳಿಸಿ, ರಟ್ಟಿನ ಪೆಟ್ಟಿಗೆಗೆ ಸ್ಟ್ರಿಪ್‌ಗಳನ್ನು ತುಂಬುತ್ತಿದ್ದ. ಮಗ್ಗದ ಮನೆಯ ಹಿರಿಯ ಹೆಂಗಸೊಬ್ಬರು ಬಂದು, ಸೆರಗಿನ ಗಂಟಿನಿಂದ ಕತ್ತರಿಸಿದ ಸ್ಟ್ರಿಪ್ ತುಂಡೊಂದನ್ನು ತೆಗೆದು ಗಾಜಿನ ಮೇಲಿಟ್ಟರು.

‘ತಮ್ಮಾ, ಇಂಥಾವು ಎರಡು ಕೊಡಪಾ. ನಡಾ ಭಾಳ ನೂಸಾಕತ್ತೈತಿ.’

‘ಈ ಗುಳಿಗಿ ಬಂದ್ ಆಗ್ಯಾವ ಕಾಕೂ. ಸರಕಾರದವ್ರು ಬಂದ್ ಮಾಡ್ಯಾರ.’

‘ಯಾಕೋ? ನಿನ್ನಿ ತನಕ ಚಲೋ ಇದ್ದಿದ್ದು ಇವತ್ತ್ ಹ್ಯಾಂಗ ಕೆಡತೈತಿ?’

ಅಂಗಡಿಯವನ ಬಳಿ ಉತ್ತರ ಇರಲಿಲ್ಲ. ಬೇರೆ ಎರಡು ಗುಳಿಗೆ ಕೊಟ್ಟು, ಊಟ ಮಾಡಿ ತೆಗೆದುಕೊಳ್ಳಿ ಎಂದು ಹೇಳಿ ಕಳಿಸಿದ. ಆ ತುಂಡನ್ನು ನಾನು ಬೆಳಕಿಗೆ ಹಿಡಿದು ಓದಿದೆ. ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಹೆಸರು: ಅಸೆಕ್ಲೋಫೆನಾಕ್, ಪ್ಯಾರಾಸಿಟಮಾಲ್, ರಾಬೆಪ್ರಜೋಲ್. ಎರಡು ನೋವಿಗೆ, ಒಂದು ಹೊಟ್ಟೆಯ ಆಮ್ಲಕ್ಕೆ. ಈ ಮೂರನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಬಹುದೆಂದು ಯಾರು, ಯಾವಾಗ, ಏನನ್ನು ನೋಡಿ ನಿರ್ಧರಿಸಿದ್ದರು? ಕಾಕೂ ಕೇಳಿದ್ದು ಇದನ್ನೇ. ಉತ್ತರ ಹುಡುಕಲು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಕತೆಯ ಕೊನೆಯ ತುದಿ ಮಾತ್ರ ನಮ್ಮ ಬೆಳಗಾವಿಯಲ್ಲೇ ಇದೆ.

ಯಾವ ಮದ್ದು ಯಾವುದಕ್ಕೆ, ಎಷ್ಟು, ಯಾವುದರ ಜೊತೆ ಕೂಡದು ಎಂದು ಬರೆದಿಡುವುದು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ ಬರೆದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷಗಳಿಗೂ ಅವುಗಳ ಚಿಕಿತ್ಸೆಗೂ ಮೀಸಲಾದ ‘ಖಗೇಂದ್ರಮಣಿದರ್ಪಣ’ ಕೊಟ್ಟ. ಕೀರ್ತಿವರ್ಮ ದನಕರುಗಳಿಗಾಗಿ ‘ಗೋವೈದ್ಯ’ ರಚಿಸಿದ. ಓದುವವನ ನುಡಿಯಲ್ಲೇ ಮದ್ದಿನ ತಿಳಿವಳಿಕೆ ಇರಬೇಕೆಂಬ ಭಾವ ಆ ಕಾಲಕ್ಕೇ ಇತ್ತು. ಈ ಮಾತನ್ನು ಕೊನೆಗೆ ಮತ್ತೆ ನೆನೆಯಬೇಕಾಗುತ್ತದೆ.

ಆಳುವವರು ಇಡೀ ದೇಶಕ್ಕೆಂದು ಹೊರತಂದ ಮದ್ದಿನ ಪುಸ್ತಕ ಬಂದದ್ದು 1868ರಲ್ಲಿ. ಎಡ್ವರ್ಡ್ ಜಾನ್ ವೇರಿಂಗ್ ಸಂಪಾದಿಸಿದ ‘ಫಾರ್ಮಾಕೋಪಿಯ ಆಫ್ ಇಂಡಿಯಾ’. ಬ್ರಿಟಿಷ್ ಔಷಧಗಳ ಜೊತೆಗೆ ಇಲ್ಲಿಯ ಬೇರು, ತೊಗಟೆ, ಬೀಜಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಆದರೆ ಲ್ಯಾಟಿನ್ ಹೆಸರು ಹಿಡಿದು ಪೇಟೆಯ ಗಂಧಿಗರ ಅಂಗಡಿಗೆ ಹೋದರೆ ಏನು ಸಿಕ್ಕೀತು? ಈ ತೊಡಕನ್ನು ಬಿಡಿಸಿದವರು ಮದರಾಸಿನ ವೈದ್ಯ ಮೊಹಿದೀನ್ ಷರೀಫ್. 1869ರಲ್ಲಿ ಅವರು ಹೊರತಂದ ಅನುಬಂಧದಲ್ಲಿ ಪ್ರತಿಯೊಂದು ಮದ್ದಿಗೂ ದೇಶಭಾಷೆಗಳ ಹೆಸರುಗಳಿದ್ದವು, ಕನ್ನಡವೂ ಅವುಗಳಲ್ಲೊಂದು. ಅಂಗಡಿಗೆ ಬಂದವನು ತನ್ನ ಮಾತಿನಲ್ಲಿ ಕೇಳುತ್ತಾನೆ, ಕೊಡುವವನು ತನ್ನ ಮಾತಿನಲ್ಲಿ ಕೊಡುತ್ತಾನೆ, ನಡುವೆ ಹೆಸರು ತಪ್ಪಿದರೆ ಪ್ರಾಣ ಹೋಗುತ್ತದೆ. ಇದನ್ನು ಕಂಡುಕೊಂಡ ಷರೀಫರನ್ನು ನಾವು ಮರೆತಿರುವುದು ನನಗೆ ನೋವಿನ ಸಂಗತಿ.

ಹೆಸರು ಸರಿಯಿದ್ದೂ ಒಳಗಿನ ಸರಕು ಸುಳ್ಳಾದರೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆದದ್ದು ಅದೇ. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಖಾನಾಪುರದ ಕಡೆಯ ಕಾಡುಸೀಮೆಗೆ ಚಳಿಜ್ವರ ಎಂದರೆ ಮಳೆಯಷ್ಟೇ ಖಚಿತವಾಗಿ ಬರುವ ಅತಿಥಿ. ಮದ್ದು ಒಂದೇ, ಕ್ವಿನೈನ್. ಆ ಕ್ವಿನೈನಿನಲ್ಲೇ ಕಲಬೆರಕೆ ನಡೆಯುತ್ತಿತ್ತು. ಕಹಿ ಇದ್ದರೆ ಸಾಕು, ಕ್ವಿನೈನ್ ಎಂದು ನಂಬುವ ಬಡವನಿಗೆ ಪೊಟ್ಟಣದೊಳಗೆ ಏನಿದೆ ಎಂದು ತಿಳಿಯುವುದು ಹೇಗೆ? ಗದ್ದಲ ದೆಹಲಿಯವರೆಗೆ ಮುಟ್ಟಿ, 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಕವಾಯಿತು. ಮರುವರ್ಷ ವರದಿ ಬಂತು. ಕಾನೂನು ಬೇಕು, ಪ್ರಯೋಗಾಲಯ ಬೇಕು, ತರಬೇತಿ ಪಡೆದ ಔಷಧಗಾರರು ಬೇಕು, ದೇಶಕ್ಕೆ ತನ್ನದೇ ಆದ ಔಷಧಕೋಶ ಬೇಕು ಎಂದು ಚೋಪ್ರಾ ಬರೆದರು. ಕಾನೂನು ಬಂದದ್ದು 1940ರಲ್ಲಿ, ಫಾರ್ಮಸಿ ಕಾಯಿದೆ 1948ರಲ್ಲಿ, ಸ್ವತಂತ್ರ ಭಾರತದ ಮೊದಲ ಫಾರ್ಮಾಕೋಪಿಯ 1955ರಲ್ಲಿ. ಒಂದು ವರದಿ ಪುಸ್ತಕವಾಗಲು ಇಪ್ಪತ್ನಾಲ್ಕು ವರ್ಷ ಹಿಡಿಯಿತು.

ಇಲ್ಲಿ ಎರಡು ಪುಸ್ತಕಗಳ ವ್ಯತ್ಯಾಸ ಹೇಳಿಬಿಡುತ್ತೇನೆ. ಓದಿದವರೂ ಇದನ್ನು ಕಲಸಿಬಿಡುತ್ತಾರೆ. ಫಾರ್ಮಾಕೋಪಿಯ ಮದ್ದು ತಯಾರಿಸುವವನ ಪುಸ್ತಕ. ಶುದ್ಧತೆ ಎಷ್ಟಿರಬೇಕು, ಹೇಗೆ ಪರೀಕ್ಷಿಸಬೇಕು ಎಂಬುದು ಅದರಲ್ಲಿರುತ್ತದೆ. ಫಾರ್ಮುಲರಿ ಮದ್ದು ಕೊಡುವವನ ಪುಸ್ತಕ. ಯಾವ ಕಾಯಿಲೆಗೆ, ಎಷ್ಟು ಪ್ರಮಾಣ, ಬಸುರಿಗೆ ಕೊಡಬಹುದೇ, ಮಗುವಿಗೆ ಎಷ್ಟು, ಏನು ತೊಂದರೆ ಬರಬಹುದು ಎಂಬುದು ಇದರ ವಿಷಯ. ಖಾಸಬಾಗದ ಭಾಷೆಯಲ್ಲಿ ಹೇಳಬೇಕೆಂದರೆ ಮೊದಲನೆಯದು ನೂಲಿನ ಲೆಕ್ಕ, ಎರಡನೆಯದು ಸೀರೆ ಉಡುವವರ ಲೆಕ್ಕ.

ಎರಡನೆಯದಿಲ್ಲದ ಕಾಲ ಹೇಗಿತ್ತೆಂದು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ದವಾಖಾನೆಗೆ ಹೋಗುವಾಗ ಮನೆಯಿಂದಲೇ ತೊಳೆದ ಬಾಟಲಿ ಒಯ್ಯಬೇಕು. ಡಾಕ್ಟರು ಚೀಟಿಯಲ್ಲಿ ಎರಡು ಅಕ್ಷರ ಗೀಚುತ್ತಾರೆ. ಕಿಟಕಿಯ ಆಚೆಗಿನ ಕಂಪೌಂಡರ್ ದೊಡ್ಡ ಜಾಡಿಗಳಿಂದ ಕೆಂಪು ನೀರೋ ಬಿಳಿ ನೀರೋ ಬಗ್ಗಿಸಿ, ಕಾಗದದ ಪಟ್ಟಿಯನ್ನು ಮಡಚಿ ಅಂಚಿಗೆ ಕತ್ತರಿಯಾಡಿಸಿ, ಅದು ಬಿಚ್ಚಿಕೊಂಡಾಗ ಮೂಡುವ ಹಲ್ಲುಗಳನ್ನು ಬಾಟಲಿಗೆ ಅಂಟಿಸುತ್ತಾನೆ. ಒಂದು ಹಲ್ಲು ಒಂದು ಹೊತ್ತಿನ ಮದ್ದು. ಅಕ್ಷರ ಬಾರದವರಿಗೂ ತಪ್ಪದ ಆ ಅಳತೆ ಎಂಥ ಜಾಣತನ! ಆದರೆ ಜಾಡಿಯೊಳಗಿನ ಮಿಶ್ರಣ ಒಂದು ಆಸ್ಪತ್ರೆಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆ. ಕೆಮ್ಮಿನ ಔಷಧಕ್ಕೂ ಊರೂರಿನ ಅಳತೆ ಬೇರೆ.

1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಮದ್ದಿನ ಅಂಗಡಿಗಳ ಲೈಸೆನ್ಸಿನ ಕಡತಗಳು ಮುಂಬಯಿಯ ಬದಲು ಬೆಂಗಳೂರಿನ ಹಾದಿ ಹಿಡಿದವು. ನಾಲ್ಕು ವರ್ಷದ ನಂತರ, 1960ರಲ್ಲಿ, ಕೇಂದ್ರ ಸರಕಾರ ‘ನ್ಯಾಷನಲ್ ಫಾರ್ಮುಲರಿ ಆಫ್ ಇಂಡಿಯಾ’ದ ಮೊದಲ ಆವೃತ್ತಿ ತಂದಿತು. ವೈದ್ಯರು, ವಿದ್ಯಾರ್ಥಿಗಳು, ನರ್ಸುಗಳು, ಔಷಧಗಾರರು ಎಲ್ಲರಿಗೂ ಒಂದೇ ಕೈಪಿಡಿ. ಬರೆದವರಿಗೆ ಮಾರುವ ಉದ್ದೇಶ ಇರಲಿಲ್ಲ ಎಂಬುದೇ ಅದರ ಬೆಲೆ. 1966ರಲ್ಲಿ ಎರಡನೆಯ ಆವೃತ್ತಿ, 1979ರಲ್ಲಿ ಮೂರನೆಯದು.

ಆಮೇಲೆ ಪುಸ್ತಕ ಮುಚ್ಚಿಕೊಂಡಿತು.

ನಾಲ್ಕನೆಯ ಆವೃತ್ತಿ ಬರಲು 2010-11 ಆಗಬೇಕಾಯಿತು. ಮೂವತ್ತು ವರ್ಷಕ್ಕೂ ಮಿಕ್ಕಿದ ಅಂತರ. ಬ್ರಿಟನ್ನಿನ ಇಂಥದೇ ಪುಸ್ತಕ 1949ರಲ್ಲಿ ಹುಟ್ಟಿ, 1981ರಿಂದ ಆರು ತಿಂಗಳಿಗೊಮ್ಮೆ ಹೊಸದಾಗುತ್ತಿತ್ತು. ನಮ್ಮಲ್ಲಿ ನಿಂತ ಆ ಮೂವತ್ತು ವರ್ಷಗಳಲ್ಲಿ ವೈದ್ಯಲೋಕವೇ ಬದಲಾಗಿ ಹೋಗಿತ್ತು. ಸಿಪ್ರೋಫ್ಲಾಕ್ಸಾಸಿನ್ ಬಂತು, ಒಮೆಪ್ರಜೋಲ್ ಬಂತು, ಕೊಬ್ಬು ಇಳಿಸುವ ಗುಳಿಗೆಗಳು ಬಂದವು, ಎಚ್‌ಐವಿ ಬಂತು, ಅದಕ್ಕೆ ಮದ್ದೂ ಬಂತು. ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಹಳ್ಳಿಗೆ ಮುಟ್ಟಿತು. 1979ರ ಪುಸ್ತಕ ತೆರೆದರೆ ಇವುಗಳ ಪುಟವೇ ಸಿಗದು.

ಖಾಲಿ ಜಾಗ ಖಾಲಿ ಉಳಿಯಲಿಲ್ಲ. ಕಪ್ಪು ಚರ್ಮದ ಬ್ಯಾಗು ಹಿಡಿದು, ಟೈ ಕಟ್ಟಿದ ಔಷಧ ಕಂಪನಿಗಳ ಎಂ.ಆರ್.ಗಳು ದವಾಖಾನೆಯ ಬಾಗಿಲಲ್ಲಿ ಕಾಯತೊಡಗಿದರು. ಅವರು ಸೆಖೆಯಲ್ಲಿ ಮೈಲಿಗಟ್ಟಲೆ ಬೈಕ್ ಓಡಿಸಿ ಹೊಟ್ಟೆ ಹೊರೆಯುವ ಹುಡುಗರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೊಸ ಮದ್ದಿನ ಬಗ್ಗೆ ಡಾಕ್ಟರಿಗೆ ಮೊದಲು ಹೇಳುವವರು, ಹಲವೆಡೆ ಕೊನೆಗೂ ಹೇಳುವವರು, ಅದನ್ನು ಮಾರುವ ಕಂಪನಿಯವರೇ ಆದರು. ಮೇಜಿನ ಮೇಲೆ ಸರಕಾರದ ಫಾರ್ಮುಲರಿ ಇರಬೇಕಾದ ಕಡೆ ಬ್ರ್ಯಾಂಡ್ ಹೆಸರುಗಳ ಸೂಚಿ ಪುಸ್ತಕಗಳು, ಬಣ್ಣದ ಕರಪತ್ರಗಳು, ಹೆಸರು ಅಚ್ಚಾದ ಪೆನ್ನುಗಳು ಬಂದು ಕೂತವು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಜೈಸುಖಲಾಲ್ ಹಾಥಿ ಸಮಿತಿ 1975ರಲ್ಲೇ 117 ಅಗತ್ಯ ಔಷಧಗಳ ಪಟ್ಟಿ ಕೊಟ್ಟು, ಬ್ರ್ಯಾಂಡ್ ಹೆಸರು ಬಿಟ್ಟು ಮದ್ದಿನ ಮೂಲ ಹೆಸರನ್ನೇ ಬಳಸುವತ್ತ ಸಾಗಬೇಕೆಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಅಗತ್ಯ ಔಷಧ ಪಟ್ಟಿ ಬಂದದ್ದೂ ಅದರ ಎರಡು ವರ್ಷ ನಂತರ, 1977ರಲ್ಲಿ. ನಮ್ಮ ಪಕ್ಕದ ಧಾರವಾಡದಲ್ಲಿ ಡ್ರಗ್ ಆಕ್ಷನ್ ಫೋರಂ-ಕರ್ನಾಟಕ ಕೆಲಸ ಮಾಡುತ್ತಿತ್ತು. ಡಾ. ಗೋಪಾಲ ದಾಬಡೆಯವರಂಥ ವೈದ್ಯರು, ತಮ್ಮ ವೃತ್ತಿಯವರಿಗೇ ಕಹಿಯಾಗುವ ಮಾತನ್ನು, ಅಂದರೆ ಬೇಡದ ಮದ್ದು ಬರೆಯಬೇಡಿ, ಅರ್ಥವಿಲ್ಲದ ಮಿಶ್ರಣ ಕೊಡಬೇಡಿ ಎಂಬುದನ್ನು, ವರ್ಷಾನುಗಟ್ಟಲೆ ಕನ್ನಡದಲ್ಲಿ ಹೇಳುತ್ತ ಬಂದರು. ಕನ್ನಡದಲ್ಲಿ ಹೇಳಿದ್ದರಿಂದ ಅದು ರೋಗಿಗೂ ಕೇಳಿಸಿತು.

ಮಿಶ್ರಣಗಳ ಸಂತೆ ಬೆಳೆದದ್ದು ಒಂದು ಸಂದಿಯಿಂದ. ಎರಡು ಮೂರು ಮದ್ದುಗಳನ್ನು ಮೊದಲ ಸಲ ಒಂದೇ ಗುಳಿಗೆಯಲ್ಲಿ ಸೇರಿಸಿದರೆ ಕಾನೂನಿನ ಪ್ರಕಾರ ಅದು ಹೊಸ ಔಷಧ. ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕು, ಸುರಕ್ಷಿತ ಎಂಬುದಕ್ಕೆ ಪುರಾವೆ ಬೇಕು. ಆದರೆ ತಯಾರಿಕೆಯ ಲೈಸೆನ್ಸು ಕೊಡುವುದು ರಾಜ್ಯಗಳು. ಎಷ್ಟೋ ರಾಜ್ಯಗಳ ಅಧಿಕಾರಿಗಳು ಕೇಂದ್ರದ ಒಪ್ಪಿಗೆ ನೋಡದೆಯೇ ಲೈಸೆನ್ಸು ಕೊಟ್ಟರು. ಒಂದು ರಾಜ್ಯದಲ್ಲಿ ಲೈಸೆನ್ಸು ಸಿಕ್ಕರೆ ಸಾಕು, ಗುಳಿಗೆ ದೇಶವೆಲ್ಲ ಓಡಾಡುತ್ತದೆ. ಖಾಸಬಾಗಕ್ಕೂ ಬರುತ್ತದೆ.

ಇಲ್ಲಿಯ ಗಿರಾಕಿ ಯಾರೆಂದು ನೋಡಿ. ದಿನಕ್ಕೆ ಹತ್ತು ಹನ್ನೆರಡು ತಾಸು ಮಗ್ಗದ ಮುಂದೆ ನಿಂತು, ಎಳೆ ಕಡಿದಾಗಲೆಲ್ಲ ಬಾಗಿ ಗಂಟು ಹಾಕುವವರು. ಕಂಡಿಕೆ ಸುತ್ತುವ ಹೆಂಗಸರು. ನಡ, ಹೆಗಲು, ಮೊಣಕಾಲು ಇವರ ಕಾಯಂ ದೂರು. ಡಾಕ್ಟರ ಹತ್ತಿರ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಹಾಗಾಗಿ ಕಾಲು ನೇರ ಮೆಡಿಕಲ್ ಅಂಗಡಿಗೇ ನಡೆಯುತ್ತದೆ. ನೋವಿನ ಗುಳಿಗೆ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಸೋಲುತ್ತದೆ. ಎರಡು ನೋವಿನ ಮದ್ದು ಒಂದೇ ಗುಳಿಗೆಯಲ್ಲಿದ್ದರೆ, ನುಂಗುವವರಿಗೆ ತಾವು ನುಂಗುತ್ತಿರುವುದು ಎರಡು ಎಂದೇ ಗೊತ್ತಿರುವುದಿಲ್ಲ.

ಪುಸ್ತಕ ಮತ್ತೆ ತೆರೆದುಕೊಂಡದ್ದು ಗಾಜಿಯಾಬಾದಿನಲ್ಲಿ. ಇಂಡಿಯನ್ ಫಾರ್ಮಾಕೋಪಿಯ ಕಮಿಷನ್ 2009ರಿಂದ ಸ್ವಾಯತ್ತ ಸಂಸ್ಥೆಯಾಗಿ ಪೂರ್ಣ ಪ್ರಮಾಣದಲ್ಲಿ ಕೆಲಸ ಶುರುಮಾಡಿತು. ಫಾರ್ಮುಲರಿಯ ಹೊಣೆಯೂ ಅದಕ್ಕೇ ಬಂತು. ನಾಲ್ಕನೆಯ ಆವೃತ್ತಿಯ ನಂತರ 2016ರಲ್ಲಿ ಐದನೆಯದು, 2021ರ ಅಕ್ಟೋಬರಿನಲ್ಲಿ ಆರನೆಯದು ಬಂದವು. ಆರನೆಯದರಲ್ಲಿ 591 ಮದ್ದುಗಳ ಬರಹ, 23 ಅನುಬಂಧಗಳಿವೆ. ಪ್ರತಿ ಮದ್ದಿಗೂ ಒಂದೇ ಕ್ರಮ: ಯಾವುದಕ್ಕೆ, ಯಾವ ರೂಪದಲ್ಲಿ ಸಿಗುತ್ತದೆ, ಎಷ್ಟು, ಯಾರಿಗೆ ಕೂಡದು, ಏನು ಎಚ್ಚರ, ಏನು ದುಷ್ಪರಿಣಾಮ, ಎಲ್ಲಿಡಬೇಕು.

ಇಂಥ ಪುಟದ ಬೆಲೆ ತಿಳಿಯಬೇಕೆಂದರೆ ಖಾನಾಪುರಕ್ಕೆ ಹೋಗಬೇಕು. ಭೀಮಗಡ ಕಾಡಿನ ಆಮಗಾಂವ, ಗವಾಳಿಯಂಥ ಊರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕು. ಗದ್ದೆಯಲ್ಲಿ ಹಾವು ಕಚ್ಚಿದ ಎಂಟು ವರ್ಷದ ಹುಡುಗನನ್ನು ಹಾಗೆ ತಂದರೆನ್ನಿ. ರಾತ್ರಿ ಪಾಳಿಯಲ್ಲಿ ಓದು ಮುಗಿಸಿ ಬಂದ ಹೊಸ ಡಾಕ್ಟರು ಒಬ್ಬರೇ. ವಿಷಹಾರಿ ಸೀರಮ್ ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಒಂದು ಮಿಲಿಲೀಟರು ನಾಗರದ 0.6 ಮಿಲಿಗ್ರಾಂ, ಕಟ್ಟುಹಾವಿನ 0.45 ಮಿಲಿಗ್ರಾಂ ವಿಷವನ್ನು ಕೊಲ್ಲುತ್ತದೆ. ಪುಡಿಯ ಬಾಟಲಿಗೆ 10 ಮಿಲಿಲೀಟರು ಶುದ್ಧ ನೀರು ಬೆರೆಸಬೇಕು; ಕುಲುಕಿದರೆ ನೊರೆಯಾಗುತ್ತದೆ, ಮೆಲ್ಲಗೆ ತಿರುಗಿಸಬೇಕು. ವಿಷ ಏರಿದ ಲಕ್ಷಣ ಕಂಡರೆ ಮೊದಲಿಗೆ 8ರಿಂದ 10 ಬಾಟಲಿ. ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜು ಸಿದ್ಧ ಇರಬೇಕು, ಸೀರಮ್ಮೇ ಮೈಗೆ ಒಗ್ಗದೆ ಹೋಗಬಹುದು. ಹುಡುಗ ಸಣ್ಣವನು, ಅರ್ಧ ಕೊಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಬಹುತೇಕ ಎಲ್ಲ ಮದ್ದಿಗೂ ಆ ಲೆಕ್ಕ ಸರಿ. ಇಲ್ಲಿ ಮಾತ್ರ ತಪ್ಪು. ಹಾವು ಚಿಕ್ಕವನೆಂದು ನೋಡಿ ವಿಷ ಕಡಿಮೆ ಬಿಡುವುದಿಲ್ಲ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ. ಈ ಒಂದು ಸಾಲು ಆ ರಾತ್ರಿ ಮೇಜಿನ ಮೇಲಿದ್ದರೆ ಹುಡುಗ ಉಳಿಯುತ್ತಾನೆ. ಮಂಗರಾಜ ತನ್ನ ಗ್ರಂಥ ಬರೆದದ್ದೂ ಇಂಥದೇ ರಾತ್ರಿಗಳಿಗಾಗಿ ಎಂದು ನನಗೆ ಅನಿಸುತ್ತದೆ.

ಇನ್ನು ಬೆಳಗಾವಿಯ ತುದಿ. ಮದ್ದಿನ ವಿದ್ಯೆಗೂ ಈ ಊರಿಗೂ ಹಳೆಯ ನಂಟು. ತಿಲಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಕೆಎಲ್‌ಇ ಸಂಸ್ಥೆ ಹುಟ್ಟಿದ್ದು 1916ರಲ್ಲಿ, ಅದರ ವೈದ್ಯಕೀಯ ಕಾಲೇಜು 1963ರಲ್ಲಿ. ಫಾರ್ಮಸಿ ಕಾಲೇಜೂ ಬೆನ್ನಿಗೇ ಬಂತು. ಇದೇ ಕೆಎಲ್‌ಇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಪ್ರೊ. ಚಂದ್ರಕಾಂತ ಕೋಕಾಟೆ. ಸಸ್ಯಮೂಲದ ಮದ್ದುಗಳ ಬಗ್ಗೆ ಅವರೂ ಸಹಲೇಖಕರೂ ಬರೆದ ಪಠ್ಯಪುಸ್ತಕವನ್ನು ದೇಶದ ಫಾರ್ಮಸಿ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತಿದ್ದಾರೆ.

2012ರ ಮೇ ತಿಂಗಳಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ತನ್ನ 59ನೆಯ ವರದಿಯಲ್ಲಿ ಔಷಧ ನಿಯಂತ್ರಣದ ಹುಳುಕುಗಳನ್ನು ಬಿಚ್ಚಿಟ್ಟಿತು. ಮರುವರ್ಷ ಸರಕಾರ, ಕೇಂದ್ರದ ಒಪ್ಪಿಗೆಯಿಲ್ಲದ ಮಿಶ್ರಣಗಳ ತಯಾರಕರೆಲ್ಲ ಹದಿನೆಂಟು ತಿಂಗಳೊಳಗೆ ಪುರಾವೆ ತನ್ನಿ ಎಂದಿತು. ಆರು ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದು ಬಿದ್ದವು. ಅವನ್ನು ಜಾಲಾಡಲು 2014ರ ಸೆಪ್ಟೆಂಬರಿನಲ್ಲಿ ನೇಮಕವಾದ ಸಮಿತಿಗೆ ಕೋಕಾಟೆಯವರೇ ಅಧ್ಯಕ್ಷರು. ಹೀಗೆ ಖಾಸಬಾಗದ ಕಾಕೂ ಅವರ ಗುಳಿಗೆಯ ತೀರ್ಪು, ಅವರಿಗೆ ಗೊತ್ತಿಲ್ಲದೆಯೇ, ಅದೇ ಊರಿನ ಇನ್ನೊಂದು ತುದಿಯ ನೆಹರೂ ನಗರದ ಪ್ರಾಧ್ಯಾಪಕರೊಬ್ಬರ ಕೈಗೆ ಹೋಯಿತು.

ಸಮಿತಿ ಮಿಶ್ರಣಗಳನ್ನು ವಿಂಗಡಿಸಿತು: ತರ್ಕಕ್ಕೆ ನಿಲ್ಲುವವು, ನಿಲ್ಲದವು, ಇನ್ನೂ ಪರಿಶೀಲನೆ ಬೇಕಾದವು, ಇನ್ನಷ್ಟು ಮಾಹಿತಿ ಬೇಕಾದವು. 2016ರ ಮಾರ್ಚ್ 10ರಂದು 344 ಮಿಶ್ರಣಗಳು ಒಂದೇ ಏಟಿಗೆ ನಿಷೇಧವಾದವು. ಕಾಕೂ ತಂದಿದ್ದ ಆ ಮೂರು ಹೆಸರಿನ ಗುಳಿಗೆ ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು. ಎರಡನೆಯದು ನಿಮೆಸುಲೈಡ್ ಮತ್ತು ಡೈಕ್ಲೋಫೆನಾಕ್: ಯಕೃತ್ತಿಗೆ ಭಾರವಾಗುವ ಒಂದು ನೋವಿನ ಮದ್ದಿಗೆ ಹೊಟ್ಟೆಗೆ ಭಾರವಾಗುವ ಇನ್ನೊಂದನ್ನು ಜೋಡಿಸಿದ್ದು. ನಿನ್ನೆ ತನಕ ಚಲೋ ಇದ್ದದ್ದು ಇವತ್ತು ಕೆಟ್ಟಿರಲಿಲ್ಲ ಕಾಕೂ, ಚಲೋ ಎಂದು ಯಾರೂ ಯಾವತ್ತೂ ಪರೀಕ್ಷಿಸಿಯೇ ಇರಲಿಲ್ಲ.

ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ನಾನೂರೈವತ್ತಕ್ಕೂ ಹೆಚ್ಚು ಅರ್ಜಿ. ಕಾನೂನು ಹೇಳಿದ ಔಷಧ ಸಲಹಾ ಮಂಡಳಿಯನ್ನು ಕೇಳದೆ ನಿಷೇಧಿಸಿದ್ದು ಸರಿಯಲ್ಲ ಎಂದು 2016ರ ಡಿಸೆಂಬರ್ 1ರಂದು ಹೈಕೋರ್ಟು ಆದೇಶ ರದ್ದುಮಾಡಿತು. ಪೆಟ್ಟಿಗೆಗೆ ಹೋಗಿದ್ದ ಹೆಸರುಗಳು ಮತ್ತೆ ಕಪಾಟಿಗೆ ಬಂದವು. ಒಂದು ವರ್ಷದ ನಂತರ, 2017ರ ಡಿಸೆಂಬರ್ 15ರಂದು, ಸುಪ್ರೀಂ ಕೋರ್ಟು ವಿಷಯವನ್ನು ಆ ಸಲಹಾ ಮಂಡಳಿಗೇ ಒಪ್ಪಿಸಿತು. ಡಾ. ನೀಲಿಮಾ ಕ್ಷೀರಸಾಗರ್ ನೇತೃತ್ವದ ಉಪಸಮಿತಿ ಒಂದೊಂದನ್ನೂ ಮತ್ತೆ ತೂಗಿತು. 2018ರ ಸೆಪ್ಟೆಂಬರಿನಲ್ಲಿ 328 ಮಿಶ್ರಣಗಳು ಮತ್ತೆ ನಿಷೇಧವಾದವು. ಕೋಕಾಟೆ ಸಮಿತಿ ಬೇಡವೆಂದಿದ್ದರಲ್ಲಿ ಬಹುಪಾಲು ಎರಡನೆಯ ತೂಗಿನಲ್ಲೂ ಬೇಡವೆಂದೇ ಉಳಿದವು. 2023ರ ಜೂನಿನಲ್ಲಿ ಇನ್ನೂ 14, 2024ರ ಆಗಸ್ಟಿನಲ್ಲಿ 156. ಕೊನೆಯ ಪಟ್ಟಿಯಲ್ಲೂ ನೋವಿನ ಗುಳಿಗೆಗಳಿವೆ: ಅಸೆಕ್ಲೋಫೆನಾಕ್ 50 ಮಿಲಿಗ್ರಾಂ ಜೊತೆ ಪ್ಯಾರಾಸಿಟಮಾಲ್ 125 ಮಿಲಿಗ್ರಾಂ.

ಫಾರ್ಮುಲರಿ ಇಂದಿಗೂ ಇಂಗ್ಲಿಷಿನಲ್ಲಿದೆ. ಮೊಹಿದೀನ್ ಷರೀಫರ ಕೆಲಸ ಅಷ್ಟರಮಟ್ಟಿಗೆ ನಿಂತೇ ಇದೆ. ಆದರೆ ಅದನ್ನು ಹೊರತರುವ ಗಾಜಿಯಾಬಾದಿನ ಕಮಿಷನ್ನೇ 2011ರಿಂದ ಔಷಧಗಳ ದುಷ್ಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನೂ ನಡೆಸುತ್ತಿದೆ. ಅದಕ್ಕೊಂದು ಉಚಿತ ದೂರವಾಣಿ ಇದೆ, 1800-180-3024. ರೋಗಿಗಳೇ ತುಂಬಬಹುದಾದ ನಮೂನೆಯೂ ಇದೆ, ಹಲವು ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲೂ.

ಹೋದ ಮಳೆಗಾಲದಲ್ಲಿ ಕಾಕೂಗೆ ಹೊಸದೊಂದು ನೋವಿನ ಗುಳಿಗೆ ಒಗ್ಗಲಿಲ್ಲ. ಡಾಕ್ಟರು ನೋಡಿ ನಿಲ್ಲಿಸಿದ ಮೇಲೆ, ಆ ನಮೂನೆಯ ಪ್ರತಿ ಹಿಡಿದು ನಾನು ಅವರ ಮನೆಗೆ ಹೋದೆ. ಮಗ್ಗ ನಿಲ್ಲಿಸಿ ಎಲ್ಲರೂ ಸುತ್ತ ಕೂತರು. ಯಾಕೆ ತೆಗೆದುಕೊಂಡಿರಿ, ಎಂದು ಶುರುಮಾಡಿದಿರಿ, ಎಂದು ನಿಲ್ಲಿಸಿದಿರಿ, ಏನಾಯಿತು ಎಂದು ಒಂದೊಂದೇ ಕೇಳಿದೆ. ‘ಎದಿ ಕೆಳಗ ಬೆಂಕಿ ಬಿದ್ದಂಗ ಆತು, ಎರಡ ದಿನಾ ಅನ್ನ ಸೇರಲಿಲ್ಲ ಅಂತ ಬರಿ’ ಎಂದರು. ಅವರು ಹೇಳಿದ ಹಾಗೆಯೇ ಬರೆದೆ. ಮದ್ದಿನ ಹೆಸರಿನ ಸಾಲಿಗೆ ಬಂದಾಗ ಸ್ಟ್ರಿಪ್ಪಿನ ತುಂಡನ್ನು ಮೊಮ್ಮಗಳ ಕೈಗಿಟ್ಟರು. ಎಂಟನೆಯ ತರಗತಿಯ ಆ ಹುಡುಗಿ ಕಿಟಕಿಯ ಬೆಳಕಿಗೆ ಹಿಡಿದು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ಗಟ್ಟಿಯಾಗಿ ಓದತೊಡಗಿದಳು.